ಅಲ್ಪ ಬಂಡವಾಳದಲ್ಲಿ ಗುಡ್ಡಗಾಡಿನ ಸೈಕಲ್ಲು

ಮಧ್ಯಮ ವರ್ಗದ ಗೃಹಸ್ಥನು ಆರೋಗ್ಯಕ್ಕೆಂದು ಹಣ ತೊಡಗಿಸುವಾಗ ಎರಡು ಬಗೆಯ ನಷ್ಟಗಳಿಗೆ ಒಳಗಾಗುವುದುಂಟು. ಕೊಂಡ ವಸ್ತುವು ಬೆಲೆಗೆ ತಕ್ಕುದಲ್ಲದಿರುವುದು ಒಂದು. ಕೊಂಡ ವಸ್ತುವು ಬಳಕೆಗೆ ಬಾರದೆ ಮೂಲೆ ಸೇರುವುದು ಇನ್ನೊಂದು. ಎರಡನೆಯದೇ ದೊಡ್ಡ ನಷ್ಟವೆಂಬುದು ನನ್ನ ಅಭಿಪ್ರಾಯ. ಪುಣೆಯ ಯಾವುದೇ ವಸತಿ ಸಂಕೀರ್ಣದ ವಾಹನ ನಿಲುಗಡೆಗೆ ಹೋಗಿ ನೋಡಿದರೆ ಗೋಡೆಗೊರಗಿ, ಗಾಳಿಯಿಳಿದು, ಚೈನು ತುಕ್ಕು ಹಿಡಿದ ಗೇರು ಸೈಕಲ್ಲುಗಳ ಸಾಲೇ ಕಾಣಸಿಗುತ್ತದೆ. ಒಂದು ಕಾಲಕ್ಕೆ ಸೈಕಲ್ಲುಗಳ ನಗರವೆಂದೇ ಹೆಸರಾಗಿದ್ದ ಊರಿನಲ್ಲಿ ಈ ನೋಟವು ಖೇದಕರವೇ ಸರಿ. ಅವುಗಳ ಒಡೆಯರೆಲ್ಲರೂ ಸೋಮಾರಿಗಳೆಂದು ಹೇಳಿಬಿಡುವುದು ಸುಲಭ. ಆದರೆ ಅವುಗಳಲ್ಲಿ ಬಹಳಷ್ಟು ಸೈಕಲ್ಲುಗಳು ಕೊಳ್ಳುವ ದಿನವೇ ಮೂಲೆ ಸೇರುವ ಲಕ್ಷಣವನ್ನು ಹೊತ್ತು ಬಂದಂಥವು.

ನಾನು ಯಂತ್ರಶಾಸ್ತ್ರವನ್ನೋದಿದವನಲ್ಲ. ವಾಣಿಜ್ಯ ಪದವೀಧರ, ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಪರಿಶೀಲಿಸುವುದು ವೃತ್ತಿ. ಕೆಲವು ವರ್ಷಗಳಿಂದ ಬೆಳಗಿನ ಹೊತ್ತು ಕಾತ್ರಜ ಘಾಟಿನ ಕಡೆಗೂ ಸಿಂಹಗಡದ ದಾರಿಯಲ್ಲಿಯೂ ಸೈಕಲ್ಲು ತುಳಿಯುತ್ತಿರುವುದರಿಂದಲೂ, ಸಹೋದ್ಯೋಗಿಗಳೊಡನೆ ಹಲವು ಅಂಗಡಿಗಳನ್ನು ಹತ್ತಿಳಿದಿರುವುದರಿಂದಲೂ ಈ ನಾಲ್ಕು ಮಾತುಗಳನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ದಿನವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವ ನಮ್ಮಂಥವರಿಗೆ ವ್ಯಾಯಾಮದ ಅಗತ್ಯವನ್ನು ಹೊಸದಾಗಿ ವಿವರಿಸಬೇಕಾದ್ದಿಲ್ಲ. ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ಮೀರಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ತಿಳಿಸಿತು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮದ ವ್ಯಾಯಾಮ ಮಾಡತಕ್ಕದ್ದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ವಾರದಲ್ಲಿ ಐದು ದಿನ ಅರ್ಧ ಗಂಟೆ ಸೈಕಲ್ಲು ತುಳಿದರೆ ಈ ಲೆಕ್ಕ ಸರಿಹೋಗುತ್ತದೆ. ದೇಹದ ಭಾರವನ್ನು ಬಹುಮಟ್ಟಿಗೆ ಸೀಟೇ ಹೊರುವುದರಿಂದ, ಓಡಿದಾಗ ಮಂಡಿಗಳ ಮೇಲೆ ಬೀಳುವ ಹೊಡೆತ ಇಲ್ಲಿಲ್ಲ. ಎದೆನೋವು, ರಕ್ತದೊತ್ತಡ ಇತ್ಯಾದಿ ತೊಂದರೆಯಿರುವವರು ಮೊದಲು ವೈದ್ಯರನ್ನು ಕಾಣುವುದು ಕ್ಷೇಮ.

ಇನ್ನು ಗುಡ್ಡಗಾಡಿನ ಸೈಕಲ್ಲಿನ ವಿಚಾರ. ಇಂದು ಅಂಗಡಿಗೆ ಹೋಗಿ ಹದಿನೈದು ಇಪ್ಪತ್ತು ಸಾವಿರ ರೂಪಾಯಿಗಳ ಮಾತೆತ್ತಿದ ಕೂಡಲೇ ವ್ಯಾಪಾರಿಯು ಮುಂದೆ ತಂದು ನಿಲ್ಲಿಸುವುದು ಒಂದೇ ಬಗೆಯ ವಾಹನವನ್ನು: ಮುಂದಿನ ಫೋರ್ಕಿನಲ್ಲಿ ದಪ್ಪನೆಯ ಸ್ಪ್ರಿಂಗು, ಎರಡು ಗಾಲಿಗಳಿಗೂ ಡಿಸ್ಕ್ ಬ್ರೇಕು, 21 ಗೇರು, ಕಣ್ಣು ಕೋರೈಸುವ ಬಣ್ಣ. ಕೆಲವೊಮ್ಮೆ ಹಿಂದೆಯೂ ಇನ್ನೊಂದು ಸ್ಪ್ರಿಂಗು. ನನ್ನ ವಾದವಿಷ್ಟೇ: ಬಂಡವಾಳವು ಅಲ್ಪವಾಗಿದ್ದಾಗ ಈ ಸ್ಪ್ರಿಂಗೇ ಗ್ರಾಹಕನ ಮೊದಲ ಶತ್ರು.

ಕಾರಣವು ಲೆಕ್ಕಶಾಸ್ತ್ರದ್ದು. ಹದಿನೆಂಟು ಸಾವಿರದ ಸೈಕಲ್ಲನ್ನು ತಯಾರಿಸುವವನ ಬಳಿ ಇರುವ ಹಣವೂ ಅಷ್ಟರೊಳಗಿನದೇ. ಕಣ್ಣಿಗೆ ಕಾಣುವ ಭಾಗಕ್ಕೆ ಸುರಿದ ಪ್ರತಿಯೊಂದು ರೂಪಾಯಿಯನ್ನೂ ಕಾಣದ ಭಾಗದಿಂದ, ಎಂದರೆ ಗಾಲಿಯ ಹಬ್ಬಿನಿಂದ, ಬೇರಿಂಗಿನಿಂದ, ಪೆಡಲಿನ ನಡುವಣ ಅಚ್ಚಿನಿಂದ, ಕಡ್ಡಿ ಮತ್ತು ರಿಮ್ಮುಗಳಿಂದ ಕಡಿತ ಮಾಡಲೇಬೇಕು. ಮಾರ್ಚ್ ಅಂತ್ಯದಲ್ಲಿ ಕೆಲವು ಸಂಸ್ಥೆಗಳು ಲೆಕ್ಕಪತ್ರಗಳನ್ನು ಸಿಂಗರಿಸುವುದನ್ನು ಕಂಡವರಿಗೆ ಈ ಮರ್ಮ ಬೇಗನೆ ತಿಳಿದೀತು. ಅಗ್ಗದ ಸ್ಪ್ರಿಂಗಿನ ಫೋರ್ಕು ಸಾದಾ ಫೋರ್ಕಿಗಿಂತ ಒಂದು ಕಿಲೋಗ್ರಾಮಿನಷ್ಟು ಹೆಚ್ಚು ತೂಗುತ್ತದೆ. ಎದ್ದು ನಿಂತು ತುಳಿದರೆ ನಮ್ಮ ಶ್ರಮದಲ್ಲಿ ಒಂದು ಪಾಲನ್ನು ಮೇಲೆ ಕೆಳಗೆ ಕುಣಿಯುವುದರಲ್ಲೇ ವ್ಯಯಿಸುತ್ತದೆ. ಎರಡು ಮಳೆಗಾಲಗಳು ಕಳೆಯುವಷ್ಟರಲ್ಲಿ ಒಳಗೆ ತುಕ್ಕು ಸೇರಿ ಬಿಗಿದುಕೊಳ್ಳುವುದೂ ಉಂಟು. ಇದೆಲ್ಲದರ ಮೇಲೆ, ಇಂಥ ಸೈಕಲ್ಲನ್ನು ಒರಟು ಗುಡ್ಡದ ದಾರಿಯಲ್ಲಿ ಬಳಸಬಾರದೆಂಬ ಎಚ್ಚರಿಕೆಯು ತಯಾರಕರ ಕೈಪಿಡಿಯಲ್ಲಿಯೇ ಇರುವುದುಂಟು. ಗುಡ್ಡ ಹತ್ತಬಾರದ ಗುಡ್ಡದ ಸೈಕಲ್ಲು!

ಈ ವಾಹನದ ಚರಿತ್ರೆಯನ್ನು ಅವಲೋಕಿಸಿದರೂ ನನ್ನ ವಾದಕ್ಕೆ ಪುಷ್ಟಿ ದೊರೆಯುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಪ್ರಾಂತದಲ್ಲಿ ಮೌಂಟ್ ಟಮಲ್ಪೈಸ್ ಎಂಬ ಬೆಟ್ಟವಿದೆ. ಅದರ ಸುತ್ತಲಿನ ಮಣ್ಣಿನ ದಾರಿಗಳಲ್ಲಿ 1970ರ ದಶಕದ ತರುಣರು 1930-40ರ ಕಾಲದ ಹಳೆಯ ಶ್ವಿನ್ ಸೈಕಲ್ಲುಗಳನ್ನು ಗುಜರಿಯಿಂದ ಕೊಂಡುತಂದು ಇಳಿಜಾರಿನಲ್ಲಿ ಓಡಿಸತೊಡಗಿದರು. 1976ರಲ್ಲಿ ಆರಂಭವಾದ ಅವರ ಪಂದ್ಯಕ್ಕೆ 'ರೀಪ್ಯಾಕ್' ಎಂಬ ಹೆಸರು ಬಂದ ಬಗೆ ಸ್ವಾರಸ್ಯಕರ. ಒಂದು ಇಳಿತ ಮುಗಿಯುವಷ್ಟರಲ್ಲಿ ಹಿಂದಿನ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸೆಲ್ಲವೂ ಉರಿದುಹೋಗಿ, ಪುನಃ ಗ್ರೀಸು ತುಂಬಬೇಕಾಗುತ್ತಿತ್ತು! ಜೋ ಬ್ರೀಜ್ ಎಂಬಾತ 1977ರಲ್ಲಿ ಇದಕ್ಕೆಂದೇ ಹೊಸ ಚೌಕಟ್ಟನ್ನು ಕಟ್ಟಿದ. ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ 1979ರಲ್ಲಿ ಮಾರಾಟದ ಸಂಸ್ಥೆಯನ್ನು ತೆರೆದರು. 1981ರಲ್ಲಿ ಸ್ಟಂಪ್‌ಜಂಪರ್ ಎಂಬ ಮಾದರಿಯು ಸಗಟಾಗಿ ತಯಾರಾಗಿ ಮಾರುಕಟ್ಟೆಗೆ ಬಂದಿತು. ಇವುಗಳಲ್ಲಿ ಯಾವುದರ ಮುಂದಿನ ಫೋರ್ಕಿನಲ್ಲಿಯೂ ಸ್ಪ್ರಿಂಗು ಇರಲಿಲ್ಲ. ರಾಕ್‌ಶಾಕ್ಸ್ ಸಂಸ್ಥೆಯ ಫೋರ್ಕು ಬಂದದ್ದು 1989ರಲ್ಲಿ. ನಿಜವಾದ ಬೆಟ್ಟವನ್ನಿಳಿದವರೇ ಬರಿಯ ದಪ್ಪ ಟಯರು ಹಾಗೂ ಗಟ್ಟಿ ಚೌಕಟ್ಟನ್ನು ನಂಬಿ ಇಳಿದಿರುವಾಗ, ಕೋಥರೂಡಿನಿಂದ ಶಿವಾಜಿನಗರಕ್ಕೆ ಹೋಗುವವನಿಗೆ ಸ್ಪ್ರಿಂಗೇಕೆ?

ಹಾಗಾದರೆ ಗುಡ್ಡದ ಸೈಕಲ್ಲೇ ಬೇಡವೇ ಎಂದು ವಾಚಕರು ಕೇಳಬಹುದು. ಬೇಡವೆಂದು ನಾನು ಹೇಳಲಾರೆ. ನಮ್ಮ ಮಹಾನಗರಗಳ ರಸ್ತೆಗಳು, ಅದರಲ್ಲಿಯೂ ಆಷಾಢ ಶ್ರಾವಣಗಳಲ್ಲಿ, ಗುಡ್ಡದ ದಾರಿಗೇನೂ ಕಡಿಮೆಯಲ್ಲ. ಎರಡು ಅಂಗುಲದಷ್ಟು ಅಗಲದ ಟಯರು ಹೊಂಡಗಳ ಪೆಟ್ಟನ್ನು ಬಹುಪಾಲು ತಾನೇ ನುಂಗಿಕೊಳ್ಳುತ್ತದೆ. ಅದರ ಸಣ್ಣ ಗೇರು ಚಡಾವುಗಳಲ್ಲಿ ಮಂಡಿಯನ್ನು ಕಾಯುತ್ತದೆ. ನಮ್ಮ ತಂದೆಯವರ ಕಾಲದ ಕರಿಯ ಸೈಕಲ್ಲು ಪೆಡಲಿನ ಒಂದು ಸುತ್ತಿಗೆ ಐದು ಮೀಟರುಗಳಿಗೂ ಮಿಗಿಲಾಗಿ ಮುಂದೆ ಹೋಗುತ್ತಿತ್ತು. ಇದರಲ್ಲಿ ಮುಂದೆಯೂ ಹಿಂದೆಯೂ 28 ಹಲ್ಲುಗಳ ಚಕ್ರಗಳನ್ನು ಜೋಡಿಸಿಕೊಂಡರೆ ಎರಡು ಮೀಟರು ಮಾತ್ರ ಹೋಗುತ್ತದೆ, ಆದುದರಿಂದ ಹತ್ತುವುದು ಹಗುರ. ಗೇರುಗಳ ಸಂಖ್ಯೆಗೆ ಮಾರುಹೋಗಬೇಕಾಗಿಲ್ಲ. 21ರಲ್ಲಿ ಹಲವು ಒಂದನ್ನೊಂದು ಹೋಲುವಂಥವೇ. ಹೀಗೆ ದಪ್ಪ ಟಯರು, ಸಣ್ಣ ಗೇರು, ಅಲ್ಯೂಮಿನಿಯಮ್ ಅಥವಾ ಒಳ್ಳೆಯ ಉಕ್ಕಿನ ಚೌಕಟ್ಟು, ಸ್ಪ್ರಿಂಗಿಲ್ಲದ ಫೋರ್ಕು, ಇಷ್ಟಿದ್ದರೆ ಸಾಕು. ಬ್ರೇಕಿನ ವಿಷಯದಲ್ಲಿ ನನ್ನದು ಅಂಥ ಹಟವೇನಿಲ್ಲ. ಮಳೆ ಮತ್ತು ಕೆಸರಿನಲ್ಲಿ ಡಿಸ್ಕ್ ಬ್ರೇಕು ಮೇಲೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅಗ್ಗದ ಡಿಸ್ಕು ಸದಾ ಉಜ್ಜುತ್ತ ಕಿರುಗುಟ್ಟುವುದು. ರಿಮ್ಮನ್ನು ಹಿಡಿಯುವ ವೀ ಬ್ರೇಕಿನ ರಬ್ಬರನ್ನಾದರೆ ಬೀದಿಯ ಪಂಕ್ಚರು ಅಂಗಡಿಯವನೂ ಹತ್ತು ನಿಮಿಷದಲ್ಲಿ ಬದಲಿಸಿಕೊಡುತ್ತಾನೆ.

ಎಲ್ಲಕ್ಕಿಂತ ಮುಖ್ಯವಾದದ್ದು ಅಳತೆ. ವ್ಯಾಪಾರಿಗಳು 26, 27.5, 29 ಎಂದು ಹೇಳುವುದು ಗಾಲಿಯ ಅಂಗುಲಗಳನ್ನು; ಕೊಳ್ಳುವವನಿಗೆ ಬೇಕಾದದ್ದು ಚೌಕಟ್ಟಿನ ಅಳತೆ. ಐದೂವರೆ ಅಡಿ ಎತ್ತರದವರಿಗೆ ಸಾಮಾನ್ಯವಾಗಿ 16 ಅಥವಾ 17 ಅಂಗುಲದ ಚೌಕಟ್ಟು ಹೊಂದುತ್ತದೆ. ಸೈಕಲ್ಲಿನ ಮೇಲ್ದಂಡದ ಇಬ್ಬದಿಯಲ್ಲಿ ಕಾಲೂರಿ ನಿಂತಾಗ ದಂಡಕ್ಕೂ ತೊಡೆಸಂದಿಗೂ ನಡುವೆ ಕನಿಷ್ಠ ಎರಡಂಗುಲ ತೆರವಿರಬೇಕು. ಸೀಟಿನ ಮೇಲೆ ಕುಳಿತು, ಪೆಡಲು ಪೂರ್ತಿ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಹಾಗಿದ್ದಲ್ಲಿ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿಯು ತಕ್ಕಷ್ಟು ಮಾತ್ರ ಬಾಗುತ್ತದೆ. ನಮ್ಮವರಲ್ಲಿ ಬಹುಮಂದಿ ಬೀಳುವ ಭಯದಿಂದ ಸೀಟನ್ನು ತೀರ ತಗ್ಗಿಸಿ, ಮಂಡಿಯ ಮುಂಭಾಗದ ನೋವನ್ನು ತಂದುಕೊಂಡು, 'ಸೈಕಲ್ಲು ನಮ್ಮ ವಯಸ್ಸಿಗಲ್ಲ' ಎಂದು ತೀರ್ಮಾನಿಸಿಬಿಡುತ್ತಾರೆ. ಗಂಡನ ಅಳತೆಗೆ ಕೊಂಡ ಸೈಕಲ್ಲನ್ನೇ ಮನೆಯವರೆಲ್ಲರೂ ತುಳಿಯಬೇಕೆಂಬ ಮಿತವ್ಯಯವೂ ಹೀಗೆಯೇ ನಿಷ್ಪ್ರಯೋಜಕ.

ಕಂತಿನ ಖರೀದಿಯ ಬಗ್ಗೆ ಬ್ಯಾಂಕಿನವನಾದ ನಾನು ಸುಮ್ಮನಿರಲಾರೆ. 'ಬಡ್ಡಿಯಿಲ್ಲದ ಕಂತು' ಎಂಬ ಫಲಕವನ್ನು ಎಲ್ಲೆಡೆಯೂ ಕಾಣುತ್ತೇವೆ. ಶೂನ್ಯ ಬಡ್ಡಿಯೆಂಬುದು ಅಸ್ತಿತ್ವದಲ್ಲಿಯೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಸ್ಪಷ್ಟಪಡಿಸಿತ್ತು. ಉದಾಹರಣೆಗೆ, ತಿಂಗಳಿಗೆ 3,000 ರೂಪಾಯಿಗಳಂತೆ ಆರು ಕಂತುಗಳಲ್ಲಿ 18,000 ತೆರಬೇಕಾದ ಸೈಕಲ್ಲನ್ನು ರೊಕ್ಕ ಕೊಟ್ಟರೆ 17,000ಕ್ಕೆ ಕೊಡುವನೆಂದಿಟ್ಟುಕೊಳ್ಳೋಣ. ಆ ಒಂದು ಸಾವಿರವೇ ಬಡ್ಡಿ. ಅಸಲು ಪ್ರತಿ ತಿಂಗಳೂ ಕರಗುತ್ತ ಹೋಗುವುದರಿಂದ ಅದರ ದರವು ವಾರ್ಷಿಕ ಸುಮಾರು ಶೇಕಡಾ 20ಕ್ಕೆ ನಿಲ್ಲುತ್ತದೆ. ಆರು ತಿಂಗಳು ಹಣ ಕೂಡಿಟ್ಟು, ಅದುವರೆಗೆ ನಡೆದಾಡುವುದು ಲೇಸು. ಸೈಕಲ್ಲಿನ ಮೇಲಿನ ಸರಕು ಮತ್ತು ಸೇವಾ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆಯೆಂಬುದನ್ನು ನೆನಪಿಟ್ಟು ರಸೀದಿಯನ್ನು ಪರಿಶೀಲಿಸುವುದೂ ಒಳ್ಳೆಯದು. ಕೈಯಲ್ಲಿರುವ ಹಣವಷ್ಟನ್ನೂ ಸೈಕಲ್ಲಿಗೇ ಸುರಿಯದೆ, ಶಿರಸ್ತ್ರಾಣ, ಬೀಗ, ಪಂಪು, ಮುಂದಿನ ಹಿಂದಿನ ದೀಪಗಳಿಗೆಂದು ಆರನೆಯ ಒಂದು ಪಾಲನ್ನು ಮೊದಲೇ ಬದಿಗಿರಿಸತಕ್ಕದ್ದು.

ಸವಕಳಿಯ ಲೆಕ್ಕವೂ ಸ್ವಲ್ಪ ನೋಡೋಣ. 18,000ಕ್ಕೆ ಕೊಂಡು ಐದು ವರ್ಷಗಳ ಬಳಿಕ 5,000ಕ್ಕೆ ಮಾರಿದರೆ ವರ್ಷದ ಸವಕಳಿ 2,600. ದುರಸ್ತಿಗೆ 1,400 ಸೇರಿಸಿದರೆ 4,000. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರು ತುಳಿದವನಿಗೆ ಕಿಲೋಮೀಟರಿಗೆ ಎರಡು ರೂಪಾಯಿ ಬಿದ್ದಿತು. ಇನ್ನೂರೇ ತುಳಿದವನಿಗೆ ಬರಿಯ ಸವಕಳಿಯೇ ಹದಿಮೂರು ರೂಪಾಯಿ.

ಈ ಇನ್ನೂರರ ಬಳಗದವರಿಂದಲೇ ಬಡ ಗ್ರಾಹಕನಿಗೆ ಉಪಕಾರವೂ ಉಂಟು. ಮೂವತ್ತು ಸಾವಿರದ ಉತ್ತಮ ಸೈಕಲ್ಲು ಎರಡು ವರ್ಷ ನಿಂತಲ್ಲೇ ನಿಂತು ಅರ್ಧ ಬೆಲೆಗೆ ಬರುತ್ತದೆ. ಬಳಸಿದ ಸೈಕಲ್ಲನ್ನು ಕೊಳ್ಳಲು ಸಂಕೋಚವೇಕೆ? ಚೌಕಟ್ಟಿನ ಬೆಸುಗೆಗಳ ಬಳಿ, ವಿಶೇಷವಾಗಿ ಹ್ಯಾಂಡಲಿನ ಕೊಳವೆಯ ಹಿಂಬದಿಯಲ್ಲಿ, ಬಿರುಕಿದೆಯೇ ನೋಡಬೇಕು. ಗಾಲಿಯನ್ನೆತ್ತಿ ತಿರುಗಿಸಿ ಅಡ್ಡಾಡುತ್ತದೆಯೇ ಗಮನಿಸಬೇಕು. ಪೆಡಲಿನ ಅಚ್ಚಿನ ಅಡಿಯಲ್ಲಿ ಸಾಮಾನ್ಯವಾಗಿ ಕೆತ್ತಿರುವ ಸಂಖ್ಯೆಯನ್ನು ಮೂಲ ರಸೀದಿಯೊಡನೆ ತಾಳೆ ನೋಡಬೇಕು. ರಸೀದಿಯಿಲ್ಲದ ಮಾಲನ್ನು ಎಷ್ಟೇ ಅಗ್ಗವಾದರೂ ಮುಟ್ಟಲಾಗದು. ಒತ್ತೆಯಿಡಲು ಬಂದ ಒಡವೆಯ ಬಗ್ಗೆ ನಾವು ಕೇಳುವ ಪ್ರಶ್ನೆಗಳೇ ಇಲ್ಲಿಯೂ ಸಲ್ಲುತ್ತವೆ.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ನೀಡಿದ ನಾಡು. ಆ ಕಡೆಯಿಂದ ಬಂದು ಇಲ್ಲಿ ನೆಲಸಿರುವ ಕುಟುಂಬಗಳು ನಮ್ಮ ಸಂಘದಲ್ಲಿ ಬಹಳಿವೆ. ಆದುದರಿಂದ ಒಂದು ಸೂಚನೆ. ಉಪಯೋಗಿಸದೆ ನಿಂತಿರುವ ಸೈಕಲ್ಲುಗಳ ಪಟ್ಟಿಯನ್ನು ಚೌಕಟ್ಟಿನ ಅಳತೆಯೊಡನೆ ಸಂಘದ ಸೂಚನಾ ಫಲಕದಲ್ಲಿ ಹಾಕಿದರೆ, ಕೊಳ್ಳಬೇಕೆಂದಿರುವ ಸದಸ್ಯರು ಅವನ್ನು ಒಂದು ವಾರ ತುಳಿದು ನೋಡಿ, ಒಪ್ಪಿಗೆಯಾದರೆ ನ್ಯಾಯವಾದ ಬೆಲೆಗೆ ಪಡೆಯಬಹುದು. ಜೊತೆಗೆ, ನೆಲದ ಮೇಲಿಟ್ಟು ಗಾಳಿ ತುಂಬುವ, ಒತ್ತಡ ತೋರಿಸುವ ಮಾಪಕವಿರುವ ದೊಡ್ಡ ಪಂಪೊಂದು ಸಂಘದ ಕಚೇರಿಯಲ್ಲಿರಲಿ. ಕಾರ್ಯಕಾರಿ ಸಮಿತಿಯವರು ಮುಂದಿನ ಸಭೆಯಲ್ಲಿ ಇದನ್ನು ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ. ಪಂಪಿನ ಖರ್ಚು ನನ್ನದು.