ಮಾತಾಡಲು ಬಂದ ಹುಡುಗ



ಮಠದ ಪ್ರಸಾದ ನಿಲಯದಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬ ಹೋದ ವರ್ಷ ನನ್ನ ಬಳಿ ಬಂದಿದ್ದ. ಮೂರು ವಿಷಯ ಉಳಿದಿದ್ದವು. ‘ನಿದ್ದಿ ಬರವಲ್ದ್ರೀ ಸರ, ಊಟಾನೂ ಸೇರವಲ್ದು’ ಎಂದ. ‘ಇಷ್ಟಲಿಂಗ ಪೂಜೆ ತಪ್ಪಿಸಬ್ಯಾಡ, ಎಲ್ಲಾ ಸರಿ ಹೋಗ್ತದ’ ಎಂದು ಬೆನ್ನು ತಟ್ಟಿ ಕಳಿಸಿದೆ. ಮತ್ತೆ ಬರಲಿಲ್ಲ. ಓದು ಬಿಟ್ಟು ಊರು ಸೇರಿದನೆಂದು ಆಮೇಲೆ ತಿಳಿಯಿತು.

ಪೂಜೆ ಮನಸ್ಸಿಗೆ ಬಲ ಕೊಡುತ್ತದೆ, ಅದು ನಾನೇ ಕಂಡುಂಡದ್ದು. ಆದರೆ ಎರಡು ವಾರ ಮೀರಿ ನಿದ್ದೆ, ಹಸಿವು, ಆಸಕ್ತಿ ಕುಂದಿದರೆ ಅದು ಖಿನ್ನತೆ ಇರಬಹುದು, ಭಕ್ತಿಯ ಕೊರತೆಯಲ್ಲ. ಜ್ವರ ಬಂದವನನ್ನು ದವಾಖಾನೆಗೆ ಕರೆದೊಯ್ಯುವ ನಾವು ಇವನಿಗೆ ಮಾತ್ರ ಉಪದೇಶ ಕೊಡುತ್ತೇವೆ. ಅನುಭವ ಮಂಟಪದಲ್ಲಿ ಮಾದಾರ, ಅಂಬಿಗ ಎನ್ನದೆ ಎಲ್ಲರೂ ತಮ್ಮ ಅನುಭವ ನುಡಿದರೆಂದು ವೇದಿಕೆಯಲ್ಲಿ ಹೇಳುತ್ತೇವೆ. ನಮ್ಮ ನಿಲಯಗಳಲ್ಲಿ ಹುಡುಗರು ಬಾಯಿ ತೆರೆಯುವ ಹೊತ್ತು ಯಾವುದು? ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಅರ್ಧ ಗಂಟೆ ಅವರ ಮಾತಿಗೇ ಬಿಡಬಹುದಲ್ಲ.

ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ದಾಸೋಹದ ಕೋಣೆಯ ಗೋಡೆಯ ಮೇಲೆ ಈ ಸಂಖ್ಯೆ ಬರೆಸಿರೆಂದು ಎಲ್ಲ ಮಠಗಳ ಪೂಜ್ಯರಲ್ಲಿ ಬಿನ್ನಹ.

ಬರುವ ವಾರ ಆ ಹುಡುಗನ ಊರಿಗೆ ಹೊರಟಿದ್ದೇನೆ.