ಮಗುವಿನ ಮೌನ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಎಂಬ ಗಾದೆ ನಮ್ಮ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಬಹುಕಾಲದಿಂದ ಬೆತ್ತಕ್ಕೆ ಸಮರ್ಥನೆಯಾಗಿ ನಿಂತಿದೆ. ಆದರೆ ಬಗ್ಗಿಸುವುದು ಬೇರೆ, ಮುರಿಯುವುದು ಬೇರೆ. ಈ ಅಂತರವನ್ನು ನಾವು ಎಷ್ಟರಮಟ್ಟಿಗೆ ಮರೆತಿದ್ದೇವೆಂಬುದಕ್ಕೆ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನವೇ ಸಾಕ್ಷಿ. 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಲಾಗಿ, ಮೂವರಲ್ಲಿ ಇಬ್ಬರು ದೈಹಿಕ ಹಿಂಸೆಗೆ ಒಳಗಾದವರೆಂದು ತಿಳಿದುಬಂದಿತು. ಶೇಕಡಾ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಪೀಡನೆಯನ್ನು ಹೇಳಿಕೊಂಡರು. ಪೀಡಕರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಮಗು ನಂಬಿದವರು. ಆ 13 ರಾಜ್ಯಗಳಲ್ಲಿ ಕರ್ನಾಟಕ ಸೇರಿರಲಿಲ್ಲವೆಂದು ನಾವು ನೆಮ್ಮದಿ ಪಡುವಂತಿಲ್ಲ.

ಅಂಕಿಗಳಿಗಿಂತಲೂ ಕಳವಳಕಾರಿಯಾದುದು, ಬಹುಪಾಲು ಮಕ್ಕಳು ಈ ಸಂಗತಿಯನ್ನು ಯಾರಿಗೂ ತಿಳಿಸಿರಲಿಲ್ಲವೆಂಬುದು. ಭಯವೊಂದೇ ಇದಕ್ಕೆ ಕಾರಣವಲ್ಲ. ತನಗಾದುದನ್ನು ಹೇಳಲು ಬೇಕಾದ ಮಾತನ್ನೇ ಹಿರಿಯರು ಮಗುವಿಗೆ ಕಲಿಸಿಲ್ಲ. ಹೇಳಿದರೆ ನಂಬುವರೆಂಬ ಭರವಸೆಯನ್ನೂ ಕೊಟ್ಟಿಲ್ಲ.

ನೊಂದ ಬಾಲ್ಯ ಬಾಲ್ಯದೊಡನೆ ಮುಗಿಯುವುದಿಲ್ಲ. ಅಮೆರಿಕದಲ್ಲಿ 9,508 ವಯಸ್ಕರನ್ನು ಕುರಿತು 1998ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಬಾಲ್ಯದಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ಹಿಂಸೆ-ಸಂಕಟಗಳನ್ನುಂಡವರಲ್ಲಿ ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆಯ ಯತ್ನಗಳು ಇತರರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಅಧಿಕವೆಂದು ತೋರಿಸಿತು.

ಅಲಕ್ಷ್ಯವೂ ಹಿಂಸೆಯೇ. ಆದರೆ ಇಲ್ಲಿ ವಿವೇಚನೆ ಅಗತ್ಯ. ಹಸುಗೂಸನ್ನು ಮನೆಯಲ್ಲಿ ಬಿಟ್ಟು ಕೂಲಿಗೆ ಹೋಗುವ ತಾಯಿಯನ್ನು ದೂಷಿಸುವುದು ಸುಲಭ. ಅವಳ ಬಡತನವನ್ನು ಕಂಡೂ ಕಾಣದಂತಿರುವ ಸಮಾಜದ ಅಲಕ್ಷ್ಯವೇ ಅಲ್ಲಿ ಮೊದಲನೆಯದು. 1975ರಲ್ಲಿ ಮೊದಲಾದ ಅಂಗನವಾಡಿಗಳನ್ನೂ, ಕೂಲಿಕಾರ ತಾಯಂದಿರಿಗಾಗಿ ನಮ್ಮ ರಾಜ್ಯದಲ್ಲಿ 2023ರಲ್ಲಿ ಆರಂಭವಾದ ‘ಕೂಸಿನ ಮನೆ’ಗಳನ್ನೂ ದಯೆಯ ದಾನವೆಂದು ಎಣಿಸದೆ ಮಕ್ಕಳ ಹಕ್ಕೆಂದು ಎಣಿಸಬೇಕು. ಉಣ್ಣಲು ಉಡಲು ಕೊರತೆಯಿಲ್ಲದ ಮನೆಗಳಲ್ಲಿಯೂ ಮಾತನಾಡಿಸುವವರಿಲ್ಲದೆ ಬಾಡುವ ಮಕ್ಕಳುಂಟೆಂಬುದನ್ನು ಮರೆಯಲಾಗದು.

ಕಾನೂನು ಸುಮ್ಮನಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2012ರ ಪೋಕ್ಸೊ ಕಾಯಿದೆಯ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದ ವಯಸ್ಕರು ಶಿಕ್ಷಾರ್ಹರು. 1098 ಎಂಬ ದೂರವಾಣಿ ಸಂಖ್ಯೆಯೂ ಇದೆ. ಹೀಗಿದ್ದರೂ ‘ಮನೆಯ ಮಾನ’, ‘ಶಾಲೆಯ ಹೆಸರು’ ಎಂಬ ನೆಪಗಳು ಎಷ್ಟೋ ದೂರುಗಳನ್ನು ಹೊಸ್ತಿಲಲ್ಲಿಯೇ ತಡೆಯುತ್ತವೆ. ಯಾರ ಮಾನವನ್ನು ಕಾಯಲು ಯಾರ ಬಾಳನ್ನು ಬಲಿಗೊಡುತ್ತಿದ್ದೇವೆ?

ಈ ಪುಟವನ್ನು ಓದುವವರಲ್ಲಿ ಉಪಾಧ್ಯಾಯರು ಅನೇಕರಿದ್ದಾರೆ. ಲವಲವಿಕೆಯಿಂದಿದ್ದ ಹುಡುಗಿ ಹಠಾತ್ತನೆ ಮಂಕಾದರೆ, ಹುಡುಗನೊಬ್ಬನು ಸಂಜೆಯ ಗಂಟೆಯಾದರೂ ಮನೆಗೆ ಹೊರಡಲು ಹಿಂಜರಿದರೆ, ಗದರಿಸುವ ಮೊದಲು ಕಾರಣವನ್ನು ಮೆಲ್ಲನೆ ಕೇಳಲಿ. ಕೇಳಿದ ಮೇಲೆ ನಂಬಲಿ. ನಂಬಿದ ಮೇಲೆ ಸುಮ್ಮನಿರದಿರಲಿ.