ರನ್ನ ಕದ್ದನೇ?

ಗದಾಯುದ್ಧದ ಪಾಠ ಮುಗಿಸಿ, ವಿದ್ವಾಂಸರು ಗುರುತಿಸಿರುವ ಅದರ ಆಕರಗಳನ್ನು ಹಲಗೆಯ ಮೇಲೆ ಬರೆಯುತ್ತಿದ್ದೆ: ವ್ಯಾಸಭಾರತ, ಭಾಸನ ಊರುಭಂಗ, ಭಟ್ಟನಾರಾಯಣನ ವೇಣೀಸಂಹಾರ, ಪಂಪನ ವಿಕ್ರಮಾರ್ಜುನ ವಿಜಯ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, “ಸರ್, ಹಾಗಾದ್ರೆ ರನ್ನ ಕದ್ದಿದ್ದೇ ಅಲ್ವಾ?” ಎಂದಳು. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಕಲೆಯನ್ನು ಪ್ರೀತಿಸುವವರು ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಲೇಬೇಕು.

ಸ್ವಂತಿಕೆಯ ವಿಚಾರದಲ್ಲಿ ನಮ್ಮ ಕಾಲಕ್ಕೆ ಒಂದು ಭಯ ಹಿಡಿದಿದೆ. ಬೇರೆಯವರ ಪ್ರಭಾವ ತಾಗೀತೆಂದು ಓದುವುದನ್ನೇ ಬಿಟ್ಟ ಯುವಕವಿಗಳನ್ನು ನಾನು ಕಂಡಿದ್ದೇನೆ. ಅವರಲ್ಲಿ ಅನೇಕರ ಪದ್ಯಗಳನ್ನು ಅಕ್ಕಪಕ್ಕ ಇಟ್ಟರೆ ಯಾವುದು ಯಾರದೆಂದು ತಿಳಿಯುವುದಿಲ್ಲ. ಓದದವನಿಗೂ ಪ್ರಭಾವ ತಪ್ಪದು. ಎಲ್ಲರ ಬಾಯಲ್ಲಿ ಸವೆದ ಮಾತೇ ಅವನ ಕೈಗೆ ಸಿಗುತ್ತದೆ, ಅದನ್ನೇ ತನ್ನದೆಂದು ನಂಬಿಕೊಳ್ಳುತ್ತಾನೆ.

ರನ್ನ ಹಾಗಲ್ಲ. ಹತ್ತನೆಯ ಶತಮಾನದ ಕೊನೆಯ ಈ ಕವಿ ಹಿಂದಿನವರನ್ನು ಅರೆದು ಕುಡಿದಿದ್ದ. ಆತ ಪಡೆದದ್ದೇನು, ಅದರಿಂದ ಮಾಡಿದ್ದೇನು ಎಂಬುದನ್ನು ಒಂದೇ ಒಂದು ಜಾಗದಲ್ಲಿ ನೋಡೋಣ.

ವೇಣೀಸಂಹಾರದ ನಾಲ್ಕನೆಯ ಅಂಕದಲ್ಲಿ ದುರ್ಯೋಧನ ಮೂರ್ಛೆ ತಿಳಿದು ಏಳುತ್ತಾನೆ. ದುಶ್ಶಾಸನ ಸತ್ತ ಸುದ್ದಿ ಸಾರಥಿಯ ಬಾಯಿಂದ ಅವನ ಕಿವಿಗೆ ಬೀಳುತ್ತದೆ. ನಿನ್ನಿಂದ ಅವಿನಯ ಮಾಡಿಸಿದವನು ನಾನು, ನಿನ್ನನ್ನು ಕಾಪಾಡಲೂ ಆಗಲಿಲ್ಲ ಎಂದು ಅಣ್ಣ ಅಳುತ್ತಾನೆ. ಒಳ್ಳೆಯ ಸನ್ನಿವೇಶವೇ. ಪಂಪನಲ್ಲಿ ಬೇರೊಂದು ಚಿತ್ರವಿದೆ: ಎಲ್ಲವನ್ನೂ ಕಳೆದುಕೊಂಡ ದುರ್ಯೋಧನ ಹೆಣಗಳ ನಡುವೆ ರಣರಂಗವನ್ನು ದಾಟಿ ಭೀಷ್ಮರ ಬಳಿಗೆ ಹೋಗುತ್ತಾನೆ. ರನ್ನನಲ್ಲಿ ಆ ಅಳುವೂ ಈ ನಡಿಗೆಯೂ ಕೂಡಿಕೊಂಡಿವೆ. ಅವನ ದುರ್ಯೋಧನ ಸಾವನ್ನು ಕಿವಿಯಿಂದ ಕೇಳುವುದಿಲ್ಲ. ಸಂಜಯನ ಜೊತೆ ನಡೆಯುತ್ತ ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ಕರ್ಣ ಎಂದು ಒಂದೊಂದು ಹೆಣದ ಎದುರೂ ನಿಲ್ಲುತ್ತಾನೆ. ದುಶ್ಶಾಸನನ ಮುಂದೆ ನಿಂತಾಗ ಅವನಿಗೆ ನೆನಪಾಗುವುದು ರಾಜ್ಯವಲ್ಲ, ತಾಯಿಯ ಹಾಲು. ಮೊದಲು ಕುಡಿದವನು ಅಣ್ಣ, ಆಮೇಲೆ ತಮ್ಮ. ಊಟದಲ್ಲೂ ಅದೇ ಸರದಿ. ಸಾವಿನಲ್ಲಿ ಮಾತ್ರ ಸರದಿ ತಪ್ಪಿತು ಎಂದು ಅವನು ಹಲುಬುತ್ತಾನೆ. ಅಣ್ಣತಮ್ಮಂದಿರ ಮನೆಯಲ್ಲಿ ಬೆಳೆದ ಯಾರಿಗಾದರೂ ಇಲ್ಲಿ ಗಂಟಲು ಕಟ್ಟುತ್ತದೆ. ಇಷ್ಟು ವರ್ಷ ಪಾಠ ಹೇಳಿದ ಮೇಲೂ ಆ ಪದ್ಯವನ್ನು ನಾನು ಒಂದೇ ಉಸಿರಿನಲ್ಲಿ ಓದಿ ಮುಗಿಸಲಾರೆ.

ಕಥೆ ರನ್ನನದಲ್ಲ, ಪಾತ್ರ ಅವನದಲ್ಲ, ಅಳುವ ಸಂದರ್ಭವೂ ನಡೆಯುವ ದಾರಿಯೂ ಅವನವಲ್ಲ. ಆದರೂ ಆ ಅಳು ಅಲ್ಲಿ, ಆ ಹೆಣದ ಎದುರು, ಆ ಮನೆಮಾತಿನ ಧಾಟಿಯಲ್ಲಿ ಹುಟ್ಟಿತಲ್ಲ, ಅದು ಅವನದೇ. ಸ್ವಂತಿಕೆಯೆಂದರೆ ನನಗೆ ಇದೇ. ಸಾಮಗ್ರಿ ಎಲ್ಲಿಂದ ಬಂತೆಂದು ಹುಡುಕಿದರೆ ಅದು ಸಿಗುವುದಿಲ್ಲ.

ಇದು ನಾನು ಹೊಸದಾಗಿ ಹೇಳುವ ಮಾತೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಧ್ವನ್ಯಾಲೋಕದ ಕೊನೆಯ ಉದ್ದ್ಯೋತದಲ್ಲಿ ಕವಿಗಳ ನಡುವಿನ ಹೋಲಿಕೆಯನ್ನು ಮೂರು ಬಗೆಯಾಗಿ ವಿಂಗಡಿಸಿದ. ಕನ್ನಡಿಯ ಪ್ರತಿಬಿಂಬದಂತಹ ಹೋಲಿಕೆ ಒಂದು, ಬರೆದ ಚಿತ್ರದಂತಹದು ಇನ್ನೊಂದು. ಇವೆರಡನ್ನೂ ಕವಿ ಬಿಡಬೇಕು. ಮೂರನೆಯದು ಇಬ್ಬರು ಮನುಷ್ಯರ ನಡುವಿನ ಹೋಲಿಕೆ. ಮುಖ ಹೋಲುತ್ತದೆಂದು ಬದುಕಿರುವ ಮನುಷ್ಯನನ್ನು ಬೇಡವೆನ್ನುತ್ತೇವೆಯೇ? ಅವನಿಗೆ ಅವನದೇ ಜೀವವಿದೆ. ಎರವಲನ್ನು ಅಳೆಯಲು ಇದಕ್ಕಿಂತ ನ್ಯಾಯವಾದ ಅಳತೆಗೋಲನ್ನು ನಾನು ಕಂಡಿಲ್ಲ.

ಹಾಗೆಂದು ಕಳ್ಳತನವೇ ಇಲ್ಲವೆಂದಲ್ಲ. ಬೇರೆ ಭಾಷೆಯ ಕಥೆಯನ್ನು ಹೆಸರು ಬದಲಿಸಿ ತನ್ನದೆಂದು ಅಚ್ಚು ಹಾಕಿಸುವುದು, ಬಡ ಹಾಡುಗಾರರ ಬಾಯಿಂದ ಮಟ್ಟು ತಂದು ಅವರ ಹೆಸರನ್ನೇ ಹೇಳದೆ ದುಡ್ಡು ಮಾಡುವುದು, ಇವು ಕಳ್ಳತನವೇ. ವ್ಯಾಸನಿಂದ ತಂದರೆ ಯಾರ ಅನ್ನವೂ ಹೋಗುವುದಿಲ್ಲ. ಕೇಳಿದ ಕಥೆ ವ್ಯಾಸನದೆಂದು ಕೇಳುವವರಿಗೂ ಗೊತ್ತು. ಬದುಕಿರುವ ಕಲಾವಿದನ ವಿಷಯ ಹಾಗಲ್ಲ. ಅವನಿಗೆ ಹೆಸರೂ ಸಲ್ಲಬೇಕು, ಹಣವೂ ಸಲ್ಲಬೇಕು.

ಈ ವಿಚಾರದಲ್ಲಿ ಬಿ.ಎಂ. ಶ್ರೀಕಂಠಯ್ಯನವರ ನಡತೆ ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ. ಹೊಸಗನ್ನಡ ಕವಿತೆಗೆ ದಾರಿ ತೋರಿದ ಅವರ 1926ರ ಸಂಕಲನ ಬಹುಪಾಲು ಅನುವಾದಗಳದು. ಛಂದಸ್ಸನ್ನು ಒಡೆದು ಕಟ್ಟಿದ ರೀತಿ, ಕನ್ನಡಕ್ಕೆ ತಂದುಕೊಟ್ಟ ಹೊಸ ಉಸಿರು, ಎಲ್ಲವನ್ನೂ ತಮ್ಮದೆಂದು ಮೆರೆಸಬಹುದಿತ್ತು. ಅವರು ಪುಸ್ತಕಕ್ಕೆ ಇಟ್ಟ ಹೆಸರು ‘ಇಂಗ್ಲಿಷ್ ಗೀತಗಳು’. ಸಾಲವನ್ನು ಮುಖಪುಟದ ಮೇಲೆಯೇ ಬರೆದುಬಿಟ್ಟರು. ರನ್ನನ ಚಂಪುವನ್ನು ಗ್ರೀಕ್ ದುರಂತನಾಟಕದ ಅಚ್ಚಿನಲ್ಲಿ ಎರಕ ಹೊಯ್ದಾಗಲೂ ‘ಗದಾಯುದ್ಧ ನಾಟಕಂ’ ಎಂದೇ ಕರೆದರು. ಪಂಪನಿಂದ ರನ್ನನಿಗೆ, ರನ್ನನಿಂದ ಶ್ರೀಕಂಠಯ್ಯನವರಿಗೆ ಬಂದ ಆ ದುರ್ಯೋಧನ ಪ್ರತಿ ಸಲವೂ ಹೊಸದಾಗಿಯೇ ಸತ್ತಿದ್ದಾನೆ.

ಆ ದಿನ ಹುಡುಗಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ವೇಣೀಸಂಹಾರದ ಅನುವಾದವನ್ನೂ ಗದಾಯುದ್ಧವನ್ನೂ ಕೈಗಿಟ್ಟು, ದುಶ್ಶಾಸನನಿಗಾಗಿ ಅಳುವ ಎರಡೂ ಜಾಗಗಳನ್ನು ಗಟ್ಟಿಯಾಗಿ ಓದಲು ಹೇಳಿದೆ. ನೀವೂ ಹಾಗೆಯೇ ಓದಿ ನೋಡಿ.